ಮೂರ್ಮಡಿ ರಾಕೆಟ್ಟು

ಚಿಕ್ಕದನ್ನು ದೊಡ್ಡದು ಮಾಡುವುದು ಬಲು ಸುಲಭದ ಕೆಲಸವೆಂದು ಸಾಮಾನ್ಯವಾಗಿ ಎಲ್ಲರೂ ಭಾವಿಸುವುದುಂಟು. ನಕಾಶೆಯಲ್ಲಿಯ ಪ್ರತಿಯೊಂದು ಅಳತೆಯನ್ನು ಎರಡರಿಂದಲೋ ಮೂರರಿಂದಲೋ ಗುಣಿಸಿದರಾಯಿತು, ಉಳಿದುದೆಲ್ಲ ಕತ್ತರಿ ಮತ್ತು ಅಂಟಿನ ಕೆಲಸವೆಂದು ನಾವೂ ಹಾಗೆಯೇ ತಿಳಿದಿದ್ದೆವು. ಈ ತಿಳಿವಳಿಕೆಯು ಎಷ್ಟು ಅರೆಕೊರೆಯಾದುದೆಂಬುದನ್ನು ರಟ್ಟು ಮತ್ತು ಕಾಗದಗಳಿಂದ ಕಟ್ಟಿದ ಒಂದು ಮಾದರಿ ರಾಕೆಟ್ಟು ನಮಗೆ ಕಲಿಸಿಕೊಟ್ಟಿತು. ಆ ಪಾಠವನ್ನು ವಿದ್ಯಾರ್ಥಿ ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶವಾಗಿದೆ.

ಧಾರವಾಡದ ಸಪ್ತಾಪುರವನ್ನು ಬಲ್ಲವರಿಗೆ ಅಲ್ಲಿಯ ಓಣಿಗಳಲ್ಲಿ ತುಂಬಿಕೊಂಡಿರುವ ವಿದ್ಯಾರ್ಥಿಗಳ ಬಾಡಿಗೆಯ ಕೋಣೆಗಳನ್ನೂ ಸ್ಪರ್ಧಾ ಪರೀಕ್ಷೆಗಳ ತರಬೇತಿಯ ವರ್ಗಗಳನ್ನೂ ಬಣ್ಣಿಸಬೇಕಾಗಿಲ್ಲ. ಉದ್ದಳತೆಯು ಮೂರು ಪಟ್ಟಾದರೆ ಕ್ಷೇತ್ರಫಲವು ಒಂಬತ್ತು ಪಟ್ಟು, ಘನಫಲವು ಇಪ್ಪತ್ತೇಳು ಪಟ್ಟು ಆಗುವುದೆಂಬ ಸೂತ್ರವು ಅಲ್ಲಿ ಎಲ್ಲರ ನಾಲಗೆಯ ಮೇಲೂ ಇದೆ. ನಾವು ಕೆಲವರು ಕೂಡಿ, ಒಂದು ಮಳೆಗಾಲದಲ್ಲಿ, ಅಲ್ಲಿಯ ಒಂದು ಮನೆಯ ಮಾಳಿಗೆಯ ಮೇಲೆ ವಸ್ತುಪ್ರದರ್ಶನಕ್ಕೆಂದು ಮಾದರಿ ರಾಕೆಟ್ಟೊಂದನ್ನು ಮೂರು ಪಟ್ಟು ದೊಡ್ಡದಾಗಿ ಕಟ್ಟಲು ತೊಡಗಿದೆವು. ಸೂತ್ರವು ಎಲ್ಲರಿಗೂ ಗೊತ್ತಿತ್ತು. ಆದರೂ ಮೊದಲನೆಯ ಪ್ರಯತ್ನವು ಕೆಟ್ಟಿತು. ಸೂತ್ರವನ್ನು ಬಾಯಿಪಾಠ ಮಾಡುವುದು ಬೇರೆ, ಅದನ್ನು ಕೈಯಿಂದ ಅರಿಯುವುದು ಬೇರೆ.

ಮೂಲ ಮಾದರಿ

ನಾವು ಆರಿಸಿಕೊಂಡ ಮೂಲವು ‘ಆಲ್ಫಾ’ ಎಂಬ ಹೆಸರಿನದು. ಅದರ ಹಿಂದೆ ಚಿಕ್ಕದೊಂದು ಇತಿಹಾಸವಿದೆ. 1950ರ ದಶಕದಲ್ಲಿ ಅಮೆರಿಕದ ಎಳೆಯರಲ್ಲಿ ರಾಕೆಟ್ಟಿನ ಹುಚ್ಚು ಹರಡಿತು. 1957ರ ಅಕ್ಟೋಬರ್ 4ರಂದು ಸೋವಿಯತ್ ದೇಶದ ಸ್ಪುಟ್ನಿಕ್ ಆಕಾಶಕ್ಕೇರಿದ ಮೇಲಂತೂ ಅದು ಇಮ್ಮಡಿಯಾಯಿತು. ಲೋಹದ ಕೊಳವೆಗಳಲ್ಲಿ ಮನೆಯಲ್ಲಿಯೇ ಕಲಸಿದ ರಾಸಾಯನಿಕಗಳನ್ನು ತುಂಬಿ ಹಾರಿಸಹೋಗಿ ಹಲವರು ಗಾಯಗೊಂಡರು, ಕೆಲವರು ಪ್ರಾಣವನ್ನೇ ಕಳೆದುಕೊಂಡರು. ನೆಬ್ರಾಸ್ಕಾ ಸಂಸ್ಥಾನದಲ್ಲಿ ಪಾದರಕ್ಷೆಗಳ ಅಂಗಡಿ ಇಟ್ಟುಕೊಂಡಿದ್ದ ಆರ್ವಿಲ್ ಕಾರ್ಲೈಲ್ ಎಂಬವರು 1954ರಲ್ಲಿಯೇ ಇದಕ್ಕೊಂದು ಪರಿಹಾರವನ್ನು ಕಂಡುಹಿಡಿದಿದ್ದರು. ಒಡಲೆಲ್ಲ ಕಾಗದ ಮತ್ತು ಹಗುರಾದ ಕಟ್ಟಿಗೆ. ಅದನ್ನು ನೂಕುವ ಮದ್ದಿನ ಕೊಳವೆಯು ಮಾತ್ರ ತಜ್ಞರಿಂದ ತಯಾರಾದದ್ದು. ಕೆಳಗಿಳಿಯುವಾಗ ಬಿಚ್ಚಿಕೊಳ್ಳುವ ಚಿಕ್ಕ ಗಾಳಿಕೊಡೆ. 1957ರಲ್ಲಿ ಹ್ಯಾರಿ ಸ್ಟೈನ್ ಎಂಬ ತಂತ್ರಜ್ಞರು ಅವರೊಡನೆ ಸೇರಿ ಈ ಪದ್ಧತಿಗೆ ಸುರಕ್ಷತೆಯ ನಿಯಮಗಳನ್ನು ಹಾಕಿಕೊಟ್ಟರು. ವರ್ನನ್ ಎಸ್ಟೆಸ್ ಎಂಬವರು ಮದ್ದಿನ ಕೊಳವೆಗಳನ್ನು ತಯಾರಿಸುವ ಯಂತ್ರವನ್ನು ನಿರ್ಮಿಸಿದರು. ಅವರ ಕಾರಖಾನೆಯಿಂದ 1967ರಲ್ಲಿ ಹೊರಬಂದ ‘ಆಲ್ಫಾ’ವು ಲಕ್ಷಾಂತರ ವಿದ್ಯಾರ್ಥಿಗಳ ಮೊದಲ ರಾಕೆಟ್ಟಾಯಿತು.

ಆಲ್ಫಾದ ಉದ್ದ ಸುಮಾರು 31 ಸೆಂಟಿಮೀಟರು, ವ್ಯಾಸ 25 ಮಿಲಿಮೀಟರು, ಮದ್ದಿನ ಕೊಳವೆಯನ್ನು ಬಿಟ್ಟು ತೂಕ ಸುಮಾರು 23 ಗ್ರಾಂ. ಕಾಗದದ ಕೊಳವೆ, ಮುಂದೆ ಒಂದು ಮೊನಚು ಮೂತಿ, ಹಿಂದೆ ಮೂರು ರೆಕ್ಕೆ, ಇಷ್ಟೇ ಅದರ ರಚನೆ. ಇದನ್ನು ಮೂರು ಪಟ್ಟು ಮಾಡಿದರೆ ಉದ್ದ 93 ಸೆಂಟಿಮೀಟರು, ವ್ಯಾಸ 75 ಮಿಲಿಮೀಟರು ಆಗುವುದು. ಈ ಎಪ್ಪತ್ತೈದು ಮಿಲಿಮೀಟರಿನ ಅಂಕಿಯು ನಮ್ಮನ್ನು ಸೆಳೆಯಿತು. ಏಕೆಂದರೆ 1967ರ ನವೆಂಬರ್ 20ರಂದು ಕೇರಳದ ತುಂಬಾದಿಂದ ಹಾರಿದ ಭಾರತದ ಪ್ರಥಮ ಸ್ವದೇಶೀ ಶೋಧಕ ರಾಕೆಟ್ಟಾದ ರೋಹಿಣಿ-75ರ ವ್ಯಾಸವೂ ಸರಿಯಾಗಿ ಅಷ್ಟೇ. ಅದರ ಹೆಸರಿನಲ್ಲಿಯ ಅಂಕಿಯು ವ್ಯಾಸವನ್ನೇ ಸೂಚಿಸುತ್ತದೆ.

ಶ್ರೀರಂಗಪಟ್ಟಣದ ಬಾಣ, ವುಲಿಚ್ಚಿನ ಲೆಕ್ಕ

ರಾಕೆಟ್ಟನ್ನು ಹಿರಿದು ಮಾಡುವ ತೊಡಕು ಇಂದಿನದಲ್ಲ. ಅದರ ಒಂದು ಹಳೆಯ ಉದಾಹರಣೆ ನಮ್ಮ ನಾಡಿನಿಂದಲೇ ಹೊರಟದ್ದು. ಹೈದರಾಲಿ ಮತ್ತು ಟಿಪ್ಪು ಸುಲ್ತಾನರ ಸೈನ್ಯದಲ್ಲಿ ಕಬ್ಬಿಣದ ಕೊಳವೆಯಲ್ಲಿ ಮದ್ದನ್ನು ತುಂಬಿದ ಬಾಣಗಳಿದ್ದವು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ, ಅಂದರೆ ಹಳೆಯ ಬಿದನೂರಿನಲ್ಲಿ, ಒಂದು ಹಾಳುಬಾವಿಯಿಂದ ಇಂಥ ಬಾಣಗಳು ಸಾವಿರಕ್ಕೂ ಹೆಚ್ಚು ದೊರೆತುದನ್ನು ವಾಚಕರು ಓದಿರಬಹುದು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಕೆಲವು ಬಾಣಗಳನ್ನು ಇಂಗ್ಲೆಂಡಿನ ವುಲಿಚ್ಚಿಗೆ ಒಯ್ದರು. ಅಲ್ಲಿ ಉಳಿದಿದ್ದ ಎರಡು ಬಾಣಗಳ ಅಳತೆಗಳನ್ನು ನಮ್ಮ ಹೆಸರಾಂತ ವಾಯುಯಾನ ವಿಜ್ಞಾನಿ ರೊದ್ದಂ ನರಸಿಂಹ (1933–2020) ಅವರು 1985ರ ತಮ್ಮ ಪ್ರಬಂಧದಲ್ಲಿ ಕೊಟ್ಟಿದ್ದಾರೆ. ಅವುಗಳಲ್ಲೊಂದರ ಕೊಳವೆಯ ವ್ಯಾಸ 37 ಮಿಲಿಮೀಟರು, ಉದ್ದ 198 ಮಿಲಿಮೀಟರು. ಅದನ್ನು ತೊಗಲಿನ ಪಟ್ಟಿಯಿಂದ ಕಟ್ಟಿದ್ದ ಬಿದಿರುಗಳದ ಉದ್ದ 1.9 ಮೀಟರು. ಎಂದರೆ ಕೊಳವೆಯ ಒಂಬತ್ತೂವರೆ ಪಟ್ಟಿಗಿಂತಲೂ ಗಳವು ಉದ್ದವಾಗಿತ್ತು.

ಇದನ್ನು ನೋಡಿ ಪ್ರಯೋಗಕ್ಕೆ ತೊಡಗಿದ ವಿಲಿಯಂ ಕಾಂಗ್ರೀವ್ ಎಂಬವರು ಹೆಚ್ಚು ಹಿರಿದಾದ ರಾಕೆಟ್ಟುಗಳನ್ನು ಮಾಡಿಸಿದರು. 1806ರಲ್ಲಿ ಬುಲೋನ್ ಬಂದರದ ಮೇಲೂ 1807ರಲ್ಲಿ ಕೋಪನ್‌ಹೇಗನ್ನಿನ ಮೇಲೂ ಅವು ಪ್ರಯೋಗವಾದವು. ಅವರ 32 ಪೌಂಡಿನ ರಾಕೆಟ್ಟಿನ ಕೊಳವೆಯು ಮೂರೂವರೆ ಅಡಿ, ಅಂದರೆ ಸುಮಾರು 107 ಸೆಂಟಿಮೀಟರು ಉದ್ದವಿತ್ತು. ಮೈಸೂರಿನ ಆ ಬಾಣದ ಅನುಪಾತವನ್ನೇ ಇಟ್ಟುಕೊಂಡಿದ್ದರೆ ಇದರ ಕೋಲು ಹತ್ತು ಮೀಟರಿಗೂ ಮಿಕ್ಕುತ್ತಿತ್ತು! ಅಂಥ ಕೋಲನ್ನು ಹೊತ್ತು ಯಾವ ಸೈನಿಕನು ನಡೆದಾನು? ಕಾಂಗ್ರೀವರು ಇಟ್ಟ ಕೋಲು 15 ಅಡಿಯದು, ಅಂದರೆ ಸುಮಾರು ನಾಲ್ಕೂವರೆ ಮೀಟರಿನದು. ಅದೂ ಒಂದು ಹೊರೆಯೇ ಆಗಿತ್ತು. ಕಡೆಗೆ 1844ರಲ್ಲಿ ವಿಲಿಯಂ ಹೇಲ್ ಎಂಬವರು ಹೊರನುಗ್ಗುವ ಅನಿಲದಿಂದಲೇ ರಾಕೆಟ್ಟು ಗಿರ್ರನೆ ತಿರುಗುವಂತೆ ಮಾಡಿ ಕೋಲನ್ನು ಪೂರ್ತಿಯಾಗಿ ತೆಗೆದುಹಾಕಿದರು. ವಸ್ತುವು ದೊಡ್ಡದಾದಂತೆ ಅದರ ಎಲ್ಲ ಅಂಗಗಳನ್ನೂ ಒಂದೇ ಸಂಖ್ಯೆಯಿಂದ ಗುಣಿಸಲು ಬರುವುದಿಲ್ಲ. ಕೆಲವನ್ನು ಹೊಸದಾಗಿ ಯೋಚಿಸಬೇಕಾಗುವುದು.

ಒಂಬತ್ತೋ, ಇಪ್ಪತ್ತೇಳೋ?

ಈಗ ನಮ್ಮ ಮೂರ್ಮಡಿ ಆಲ್ಫಾಕ್ಕೆ ಬರೋಣ. ಅದರ ತೂಕವೆಷ್ಟಾಗಬೇಕು? ಕಾಗದದ ದಪ್ಪವನ್ನೂ ರೆಕ್ಕೆಯ ದಪ್ಪವನ್ನೂ ಮೂರು ಪಟ್ಟು ಮಾಡಿ, ಅದೇ ಸಾಮಗ್ರಿಗಳಿಂದ ಕಟ್ಟಿದರೆ ತೂಕವು 27 ಪಟ್ಟಾಗಿ 621 ಗ್ರಾಂ ತೂಗುವುದು. ದಪ್ಪವನ್ನು ಮೊದಲಿನಷ್ಟೇ ಇಟ್ಟು ಅಗಲ-ಉದ್ದಗಳನ್ನು ಮಾತ್ರ ಹೆಚ್ಚಿಸಿದರೆ 9 ಪಟ್ಟಾಗಿ 207 ಗ್ರಾಂ ತೂಗುವುದು. ಎರಡನೆಯದು ಹಗುರವೇನೋ ಸರಿ. ಆದರೆ ಮೂಲದ ಕೊಳವೆಯ ದಪ್ಪವು ಒಂದು ಮಿಲಿಮೀಟರಿನ ಮೂರನೆಯ ಒಂದು ಪಾಲು ಮಾತ್ರ. ಅಷ್ಟು ತೆಳುವಾದ ಕಾಗದದಿಂದ 75 ಮಿಲಿಮೀಟರಿನ ಕೊಳವೆಯನ್ನು ಸುತ್ತಿದರೆ ಅದು ಬೆರಳಿನ ಒತ್ತಿಗೇ ನುಗ್ಗಾಗುವುದು.

ಮೊದಲನೆಯದರಲ್ಲಿಯೂ ತೊಡಕಿದೆ. ತೂಕವು 27 ಪಟ್ಟಾದಾಗ ಅದನ್ನು ಹೊರುವ ಅಡ್ಡಕೊಯ್ತದ ಕ್ಷೇತ್ರಫಲವು 9 ಪಟ್ಟು ಮಾತ್ರ ಆಗುವುದರಿಂದ ಪ್ರತಿಯೊಂದು ಚದರ ಸೆಂಟಿಮೀಟರಿನ ಮೇಲಿನ ಭಾರವು ಮೂರು ಪಟ್ಟಾಗುವುದು. ಗೆಲಿಲಿಯೋ 1638ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ, ದೊಡ್ಡ ಪ್ರಾಣಿಯ ಎಲುಬು ಚಿಕ್ಕ ಪ್ರಾಣಿಯದಕ್ಕಿಂತ ಉದ್ದದ ಮಾನಕ್ಕೆ ಮೀರಿ ದಪ್ಪವಿರಬೇಕಾಗುವುದೆಂದು ತೋರಿಸಿದ್ದು ಇದೇ ಕಾರಣದಿಂದ. ಆದುದರಿಂದ ಒಳ್ಳೆಯ ಮೂರ್ಮಡಿ ಮಾದರಿಯ ತೂಕವು 207 ಮತ್ತು 621 ಗ್ರಾಂಗಳ ನಡುವೆ ಎಲ್ಲಿಯೋ ಇರತಕ್ಕದ್ದು. ಎಲ್ಲಿ ಎಂಬುದನ್ನು ಗೊತ್ತುಮಾಡುವುದೇ ಕಟ್ಟುವವನ ಜಾಣ್ಮೆ.

ಕಟ್ಟುವ ಕ್ರಮ

ಕೊಳವೆಗೆ ನಾವು 75 ಮಿಲಿಮೀಟರಿನ ಪಿ.ವಿ.ಸಿ. ಪೈಪನ್ನು ಅಚ್ಚಾಗಿ ಬಳಸಿದೆವು. ಅದರ ಮೇಲೆ ಮೊದಲು ಪ್ಲಾಸ್ಟಿಕ್ ಹಾಳೆಯ ಒಂದು ಸುತ್ತು. ಇಲ್ಲದಿದ್ದರೆ ಅಂಟು ಪೈಪನ್ನೇ ಹಿಡಿದುಕೊಳ್ಳುವುದು. ಅದರ ಮೇಲೆ ದಪ್ಪನಾದ ಚಾರ್ಟ್ ಕಾಗದವನ್ನು ಬಡಗಿಗಳ ಬಿಳಿ ಅಂಟು ಸವರಿ ಬಿಗಿಯಾಗಿ ಐದು ಸುತ್ತು ಸುತ್ತಿದೆವು. ಒಂದು ಸುತ್ತಿಗೆ ಬೇಕಾಗುವ ಕಾಗದದ ಉದ್ದ 3.14 × 7.5, ಅಂದರೆ ಸುಮಾರು 23.6 ಸೆಂಟಿಮೀಟರು. ಒಣಗಿದ ಮೇಲೆ 72 ಸೆಂಟಿಮೀಟರು ಉದ್ದದ ಕೊಳವೆಯು 200 ಗ್ರಾಂ ತೂಗಿತು. 21 ಸೆಂಟಿಮೀಟರಿನ ಮೂತಿಯನ್ನು ಥರ್ಮಾಕೋಲಿನಲ್ಲಿ ಕೊರೆದು ಕಾಗದ ಮೆತ್ತಿದೆವು. ಅದರ ತೂಕ 25 ಗ್ರಾಂ. ಬಾಲದಲ್ಲಿ ರಟ್ಟಿನ ಬಳೆಗಳನ್ನೂ ಒಳಗೊಂದು ಪೊಳ್ಳು ಕೊಳವೆಯನ್ನೂ ಕೂಡಿಸಿದೆವು, 60 ಗ್ರಾಂ.

ಎಡವಿದ್ದು ರೆಕ್ಕೆಗಳಲ್ಲಿ. ಮೂಲದ ರೆಕ್ಕೆಯ ದಪ್ಪವು ಸುಮಾರು 2 ಮಿಲಿಮೀಟರು. ಮೂರು ಪಟ್ಟೆಂದರೆ 6 ಮಿಲಿಮೀಟರು. ಅನುಪಾತಕ್ಕೆ ನಿಷ್ಠರಾಗಿ ನಾವು 6 ಮಿಲಿಮೀಟರಿನ ಪ್ಲೈವುಡ್ಡನ್ನು ತಂದೆವು. ಬುಡದಲ್ಲಿ 15, ತುದಿಯಲ್ಲಿ 9, ಚಾಚು 13 ಸೆಂಟಿಮೀಟರಿನ ಒಂದೊಂದು ರೆಕ್ಕೆಯ ಕ್ಷೇತ್ರಫಲವು 156 ಚದರ ಸೆಂಟಿಮೀಟರು. ತೂಕ 56 ಗ್ರಾಂ. ಮೂರಕ್ಕೆ 168 ಗ್ರಾಂ. ಮೂಲದ ರೆಕ್ಕೆಯು ಬಾಲ್ಸಾ ಎಂಬ ಹತ್ತಿಯಂತೆ ಹಗುರಾದ ಕಟ್ಟಿಗೆಯದು. ಪ್ಲೈವುಡ್ಡು ಅದಕ್ಕಿಂತ ಸುಮಾರು ನಾಲ್ಕು ಪಟ್ಟು ಭಾರವೆಂಬುದನ್ನು ನಾವು ಲಕ್ಷ್ಯಕ್ಕೆ ತಂದುಕೊಂಡಿರಲಿಲ್ಲ. ಅಳತೆಯನ್ನು ನಕಲು ಮಾಡಿದ್ದೆವು, ಸಾಮಗ್ರಿಯ ಸ್ವಭಾವವನ್ನು ಮರೆತಿದ್ದೆವು.

ಹಗ್ಗದ ಪರೀಕ್ಷೆ

ಬೆಂಕಿಯಿಲ್ಲದೆ ರಾಕೆಟ್ಟಿನ ನಡತೆಯನ್ನು ಪರೀಕ್ಷಿಸಲು ಒಂದು ಸರಳವಾದ ಉಪಾಯವಿದೆ. ಮಾದರಿಯನ್ನು ಅದರ ಗುರುತ್ವಕೇಂದ್ರದಲ್ಲಿ ಹಗ್ಗದಿಂದ ಕಟ್ಟಿ ತಲೆಯ ಮೇಲೆ ಸುತ್ತಲೂ ಬೀಸಬೇಕು. ಅದು ಮೂತಿಯನ್ನು ಮುಂದೆ ಮಾಡಿಕೊಂಡು ಸಾಗಿದರೆ ಸ್ಥಿರವಾಗಿದೆಯೆಂದೂ, ಅಡ್ಡವಾಗಿಯೋ ಹಿಂದುಮುಂದಾಗಿಯೋ ಸಾಗಿದರೆ ಅಸ್ಥಿರವೆಂದೂ ತಿಳಿಯಬೇಕು. ಮಳೆ ಬಿಟ್ಟ ಒಂದು ಸಂಜೆ ಹತ್ತಿರದ ಬಯಲಿಗೆ ಹೋಗಿ, ಮೂರು ಮೀಟರಿನ ಹಗ್ಗದಲ್ಲಿ ನಮ್ಮ ರಾಕೆಟ್ಟನ್ನು ಬೀಸಿದೆವು. ಅದು ಬಾಲವನ್ನು ಮುಂದೆ ಮಾಡಿಕೊಂಡು ಓಡಿತು! ನೋಡಲು ಬಂದಿದ್ದ ಹುಡುಗರು ನಕ್ಕರು. ನಾವೂ ನಕ್ಕೆವು; ಆದರೆ ಮನೆಗೆ ಬಂದು ಲೆಕ್ಕಕ್ಕೆ ಕುಳಿತೆವು.

ಬಾಣವಾಗಲಿ, ಶಟಲ್‌ಕಾಕ್ ಆಗಲಿ, ಗಾಳಿಯಲ್ಲಿ ನೆಟ್ಟಗೆ ಸಾಗಬೇಕಾದರೆ ಅದರ ಗುರುತ್ವಕೇಂದ್ರವು ಮುಂದಿರಬೇಕು. ಗಾಳಿಯ ಒತ್ತಡವೆಲ್ಲ ಸೇರಿ ಒಂದೆಡೆ ನೂಕಿದಂತೆ ತೋರುವ ಒತ್ತಡಕೇಂದ್ರವು ಹಿಂದಿರಬೇಕು. ಆಗ ಮೂತಿಯು ತುಸು ಓರೆಯಾದರೂ ಗಾಳಿಯು ಬಾಲವನ್ನು ತಳ್ಳಿ ಅದನ್ನು ಮತ್ತೆ ನೇರ ಮಾಡುವುದು. ಎರಡು ಕೇಂದ್ರಗಳ ನಡುವೆ ಕನಿಷ್ಠ ಪಕ್ಷ ಕೊಳವೆಯ ಒಂದು ವ್ಯಾಸದಷ್ಟು ಅಂತರವಿರಬೇಕೆಂಬುದು ಮಾದರಿಕಾರರ ಅನುಭವದ ನಿಯಮ.

ಒತ್ತಡಕೇಂದ್ರವನ್ನು ಕಂಡುಹಿಡಿಯಲು ರಾಕೆಟ್ಟಿನ ಪಕ್ಕದ ನೋಟವನ್ನು ಎರಡು ರೆಕ್ಕೆಗಳು ಪೂರ್ತಿಯಾಗಿ ಕಾಣುವಂತೆ ಒಂದೇ ದಪ್ಪದ ರಟ್ಟಿನ ಮೇಲೆ ಬರೆದು ಕತ್ತರಿಸಿ, ಪಟ್ಟಿಯ ಅಂಚಿನ ಮೇಲೆ ತೂಗಿಸಬೇಕು. ಅದು ಸಮತೋಲವಾಗಿ ನಿಲ್ಲುವ ಸ್ಥಾನವೇ ಪಕ್ಕದಿಂದ ಬೀಸುವ ಗಾಳಿಗೆ ಒತ್ತಡಕೇಂದ್ರವಾಗುವುದು. ಎದುರಿನಿಂದ ಬರುವ ಗಾಳಿಗೆ ನಿಜವಾದ ಕೇಂದ್ರವು ಇನ್ನೂ ಹಿಂದಿರುವುದರಿಂದ ಈ ಪದ್ಧತಿಯು ತಪ್ಪಿದರೂ ಸುರಕ್ಷಿತತೆಯ ಕಡೆಗೇ ತಪ್ಪುವುದು. ನಾವು ಮೂಲದ ಅಳತೆಯಲ್ಲಿಯೇ, ಅಂದರೆ 31 ಸೆಂಟಿಮೀಟರಿನ ಆಕೃತಿಯನ್ನು ಕತ್ತರಿಸಿದೆವು. ಅದು ಮೂತಿಯ ತುದಿಯಿಂದ ಸುಮಾರು 20.7 ಸೆಂಟಿಮೀಟರಿನಲ್ಲಿ ತೂಗಿ ನಿಂತಿತು. ಮೂರ್ಮಡಿ ಮಾದರಿಯಲ್ಲಿ ಅದು 62 ಸೆಂಟಿಮೀಟರು. ಇಲ್ಲಿ ಮೂರರಿಂದ ಗುಣಿಸಿದುದು ಸರಿಯಾಗಿಯೇ ಇದೆ; ಏಕೆಂದರೆ ಒತ್ತಡಕೇಂದ್ರವು ಕೇವಲ ಆಕಾರಕ್ಕೆ ಸಂಬಂಧಿಸಿದ್ದು, ಆಕಾರವು ಅನುಪಾತಕ್ಕೆ ಬಗ್ಗುವುದು.

ತೂಕವು ಹಾಗೆ ಬಗ್ಗುವುದಿಲ್ಲ. ಗುರುತ್ವಕೇಂದ್ರವನ್ನು ತಿಳಿಯಲು ಪ್ರತಿಯೊಂದು ಭಾಗದ ತೂಕವನ್ನು ಮೂತಿಯ ತುದಿಯಿಂದ ಅದರ ನಡುವಿನವರೆಗಿನ ದೂರದಿಂದ ಗುಣಿಸಿ, ಎಲ್ಲ ಗುಣಲಬ್ಧಗಳನ್ನೂ ಕೂಡಿಸಿ, ಒಟ್ಟು ತೂಕದಿಂದ ಭಾಗಿಸಬೇಕು.

ಮೂತಿ: 25 ಗ್ರಾಂ × 14 ಸೆಂ.ಮೀ. = 350
ಕೊಳವೆ: 200 ಗ್ರಾಂ × 57 ಸೆಂ.ಮೀ. = 11,400
ಬಾಲದ ಬಳೆಗಳು: 60 ಗ್ರಾಂ × 85 ಸೆಂ.ಮೀ. = 5,100
ಪ್ಲೈವುಡ್ ರೆಕ್ಕೆಗಳು: 168 ಗ್ರಾಂ × 87 ಸೆಂ.ಮೀ. = 14,616
ಒಟ್ಟು: 453 ಗ್ರಾಂ, ಗುಣಲಬ್ಧಗಳ ಮೊತ್ತ 31,466

ಭಾಗಿಸಿದಾಗ 69.5 ಸೆಂಟಿಮೀಟರು ಬರುವುದು. ಎಂದರೆ ಗುರುತ್ವಕೇಂದ್ರವು ಒತ್ತಡಕೇಂದ್ರದ ಹಿಂದೆ ಏಳೂವರೆ ಸೆಂಟಿಮೀಟರಿನಲ್ಲಿತ್ತು. ಇರಬೇಕಾದದ್ದು ಅದರ ಮುಂದೆ ಅಷ್ಟೇ ದೂರದಲ್ಲಿ, ಎಂದರೆ 54.5 ಸೆಂಟಿಮೀಟರಿನಲ್ಲಿ! ರಾಕೆಟ್ಟು ಹಿಂದುಮುಂದಾಗಿ ಓಡಿದುದರಲ್ಲಿ ಆಶ್ಚರ್ಯವೇನು?

ಮೂತಿಗೆ ಭಾರ ತುಂಬುವುದು ಮೊದಲು ಹೊಳೆಯುವ ಉಪಾಯ. ತುದಿಯಿಂದ 12 ಸೆಂಟಿಮೀಟರಿನಲ್ಲಿ ಭಾರವನ್ನಿಟ್ಟು ಸರಿಪಡಿಸುವುದಾದರೆ 160 ಗ್ರಾಂ ಬೇಕಾಗುವುದೆಂದು ಲೆಕ್ಕವು ತಿಳಿಸಿತು. ಆಗ ಒಟ್ಟು ತೂಕ 613 ಗ್ರಾಂ. ಅಂದರೆ ಮತ್ತೆ 27 ಪಟ್ಟಿನ ಹತ್ತಿರಕ್ಕೇ ಬಂದಂತಾಯಿತು. ಇನ್ನೊಂದು ದಾರಿಯೆಂದರೆ ಬಾಲವನ್ನೇ ಹಗುರು ಮಾಡುವುದು. ಪ್ಲೈವುಡ್ಡನ್ನು ತೆಗೆದು, ಪೆಟ್ಟಿಗೆಗಳ ಅಲೆಯಲೆಯಾದ ರಟ್ಟನ್ನು ಎರಡು ಪದರಾಗಿ, ಅಲೆಗಳು ಒಂದಕ್ಕೊಂದು ಅಡ್ಡವಾಗಿರುವಂತೆ ಅಂಟಿಸಿ, ಮೇಲೆ ಕಾಗದ ಹೊದಿಸಿದೆವು. ದಪ್ಪವು ಮೊದಲಿನಷ್ಟೇ, ತೂಕವು ರೆಕ್ಕೆಯೊಂದಕ್ಕೆ 15 ಗ್ರಾಂ. ಮೂರೂ ಕೂಡಿ 45 ಗ್ರಾಂ ಆದುದರಿಂದ ಗುರುತ್ವಕೇಂದ್ರವು 62.9ಕ್ಕೆ ಸರಿಯಿತು. ಮೂತಿಯಲ್ಲಿ 70 ಗ್ರಾಂ ಕಬ್ಬಿಣದ ನಟ್ಟುಗಳನ್ನು ಅಂಟಿನಲ್ಲಿ ಹುದುಗಿಸಿದಾಗ ಅದು ಸರಿಯಾಗಿ 54 ಸೆಂಟಿಮೀಟರಿಗೆ ಬಂದು ನಿಂತಿತು. ಒಟ್ಟು ತೂಕ 400 ಗ್ರಾಂ. ಬಾಲದಲ್ಲಿ ಉಳಿಸಿದ 123 ಗ್ರಾಂ ಮೂತಿಯಲ್ಲಿ 90 ಗ್ರಾಂ ಉಳಿಸಿಕೊಟ್ಟಿತು. ಮೊದಲು ಹಿಂದಿನದನ್ನು ಇಳಿಸು, ಆಮೇಲೆ ಮುಂದಿನದನ್ನು ಏರಿಸು ಎಂಬುದೇ ಇದರ ನೀತಿ.

ಮರುದಿನ ಬಯಲಿನಲ್ಲಿ ಬೀಸಿದಾಗ ರಾಕೆಟ್ಟು ಒಂದೆರಡು ಸುತ್ತು ತೂಗಾಡಿ, ಬಳಿಕ ಮೂತಿಯನ್ನು ಮುಂದೆ ಮಾಡಿ ನೆಟ್ಟಗೆ ಸಾಗಿತು. ಈ ಪರೀಕ್ಷೆಯನ್ನು ಮಾಡುವವರು ಒಂದು ಎಚ್ಚರಿಕೆ ವಹಿಸಬೇಕು. 400 ಗ್ರಾಂ ತೂಕವನ್ನು ಮೂರು ಮೀಟರಿನ ಹಗ್ಗದಲ್ಲಿ ಒಂದೂವರೆ ಸೆಕೆಂಡಿಗೊಂದು ಸುತ್ತಿನಂತೆ ತಿರುಗಿಸಿದಾಗ ಕೈಮೇಲೆ ಬೀಳುವ ಎಳೆತವು ಎರಡು ಕಿಲೋಗ್ರಾಂ ತೂಕಕ್ಕೆ ಸಮನಾಗುವುದು. ಗಂಟು ಬಿಗಿಯಾಗಿರಬೇಕು, ಹಗ್ಗ ಗಟ್ಟಿಯಾಗಿರಬೇಕು, ನೋಡುವವರು ಸಾಕಷ್ಟು ದೂರ ನಿಲ್ಲಬೇಕು.

ಬಣ್ಣದ ಲೆಕ್ಕ

ಬಣ್ಣವು ಕೇವಲ ಅಲಂಕಾರವೆಂದು ಬಗೆಯಬಾರದು. ಮೊದಲನೆಯದಾಗಿ ಅದಕ್ಕೆ ತೂಕವಿದೆ. ಮೂರ್ಮಡಿ ಮಾದರಿಯ ಮೇಲ್ಮೈಯು ಸುಮಾರು 0.3 ಚದರ ಮೀಟರು. ಒಣಗಿದ ಬಣ್ಣದ ಪದರವು ಮಿಲಿಮೀಟರಿನ ಇಪ್ಪತ್ತನೆಯ ಒಂದು ಪಾಲಿನಷ್ಟು ದಪ್ಪವಿದ್ದರೂ ಅದರ ತೂಕ ಸುಮಾರು 21 ಗ್ರಾಂ; ಎರಡು ಸಲ ಹಚ್ಚಿದರೆ 42 ಗ್ರಾಂ. ಮೇಲ್ಮೈಯ ಹೆಚ್ಚು ಪಾಲು ಹಿಂಬದಿಯಲ್ಲಿರುವುದರಿಂದ ಗುರುತ್ವಕೇಂದ್ರವು ಸುಮಾರು 7 ಮಿಲಿಮೀಟರು ಹಿಂದಕ್ಕೆ ಸರಿದು ನಮ್ಮ ಮಿತಿಯನ್ನು ತುಸು ದಾಟುವುದು. ಬಣ್ಣ ಹಚ್ಚಿದ ಮೇಲೆ ನಾವು ಮತ್ತೆ ತೂಗಿ ನೋಡಿ, ಮೂತಿಯಲ್ಲಿ ಇನ್ನೂ 5 ಗ್ರಾಂ ಕೂಡಿಸಬೇಕಾಯಿತು.

ಎರಡನೆಯದಾಗಿ, ಬಣ್ಣವು ಸಾಮಗ್ರಿಯನ್ನು ತಿನ್ನಬಲ್ಲದು. ಥಿನ್ನರ್ ಬೆರೆತ ಬಣ್ಣವು ಥರ್ಮಾಕೋಲನ್ನು ಕರಗಿಸುವುದು. ನಮ್ಮ ಮೊದಲಿನ ಮೂತಿಯ ಮೇಲೆ ಕಾಗದವು ಒಂದು ಕಡೆ ತೆಳುವಾಗಿತ್ತು. ಬಣ್ಣವು ಅಲ್ಲಿಂದ ಒಳಸೇರಿ, ನಾವು ನೋಡುತ್ತಿರುವಂತೆಯೇ ಬೊಗಸೆಯಷ್ಟು ಗುಳಿಯನ್ನು ಮಾಡಿತು. ಥರ್ಮಾಕೋಲಿನ ಮೇಲೆ ಕನಿಷ್ಠ ಮೂರು ಪದರು ಕಾಗದವನ್ನು ಬಿಳಿ ಅಂಟಿನಿಂದ ಮೆತ್ತಿ, ಪೂರ್ತಿ ಒಣಗಿಸಿ, ನೀರಿನಲ್ಲಿ ಕರಗುವ ಬಣ್ಣದ ಒಂದು ಲೇಪವನ್ನು ಕೊಟ್ಟ ಮೇಲೆಯೇ ಬೇರೆ ಬಣ್ಣವನ್ನು ಮುಟ್ಟತಕ್ಕದ್ದು.

ಮೂರನೆಯದು ಹವೆಯ ಸಂಗತಿ. ಧಾರವಾಡದ ಜಿಟಿಜಿಟಿ ಮಳೆಯ ದಿನಗಳಲ್ಲಿ ಗಾಳಿಯು ತೇವದಿಂದ ತುಂಬಿರುತ್ತದೆ. ಬೇಗ ಒಣಗುವ ಬಣ್ಣದಿಂದ ದ್ರಾವಕವು ಆರಿಹೋಗುವಾಗ ಮೇಲ್ಮೈ ತಣ್ಣಗಾಗುವುದು; ಅದರ ಮೇಲೆ ಇಬ್ಬನಿಯಂತೆ ತೇವ ಕೂತು ಹೊಳಪು ಹೋಗಿ ಬೂದಿ ಬಳಿದಂತೆ ಕಾಣುವುದು. ಬಿಸಿಲು ಬಿದ್ದ ದಿನ, ಗಾಳಿಯಾಡುವ ಸ್ಥಳದಲ್ಲಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಬಣ್ಣ ಹಚ್ಚುವುದೇ ಲೇಸು. ತೆಳುವಾದ ಎರಡು ಲೇಪಗಳು ದಪ್ಪವಾದ ಒಂದಕ್ಕಿಂತ ಉತ್ತಮ.

ಹಚ್ಚುವ ಮೊದಲು ಕೊಳವೆಯ ಮೇಲೆ ಕಾಗದದ ಅಂಚಿನ ಗೆರೆಯನ್ನು ತೆಳುವಾದ ಪುಟ್ಟಿಯಿಂದ ತುಂಬಿ ಪಾಲಿಶ್ ಕಾಗದದಿಂದ ತಿಕ್ಕಬೇಕು. ಇಲ್ಲಿಯೂ ಹಿರಿದು ಮಾಡಿದುದರ ಫಲವೊಂದಿದೆ. ನಮ್ಮ ಕಣ್ಣು ಹೆಚ್ಚುಕಡಿಮೆ ಒಂದು ಡಿಗ್ರಿಯ ಅರವತ್ತನೆಯ ಒಂದು ಪಾಲಿಗಿಂತ ಕಿರಿದಾದುದನ್ನು ಬಿಡಿಸಿ ಕಾಣಲಾರದು. ಆದುದರಿಂದ 1 ಮಿಲಿಮೀಟರಿನ ಗೆರೆಯು ಸುಮಾರು 3.4 ಮೀಟರಿನಿಂದಾಚೆಗೆ ಮಾಯವಾಗುವುದು. 3 ಮಿಲಿಮೀಟರಿನದು 10 ಮೀಟರಿನವರೆಗೆ ಕಾಣುವುದು. ಚಿಕ್ಕ ಮಾದರಿಯಲ್ಲಿ ಯಾರ ಕಣ್ಣಿಗೂ ಬೀಳದ ಸೊಟ್ಟ ಅಂಚು ದೊಡ್ಡದರಲ್ಲಿ ಸಭಾಂಗಣದ ಹಿಂಬದಿಯ ಸಾಲಿನವರಿಗೂ ಕಾಣುವುದು. ಪಟ್ಟಿಗಳ ಅಂಚಿಗೆ ಮಾಸ್ಕಿಂಗ್ ಟೇಪನ್ನು ಒತ್ತಿ ಅಂಟಿಸಿ, ಟೇಪಿನ ಅಂಚಿನ ಮೇಲೆ ಮೊದಲು ತಳದ ಬಣ್ಣವನ್ನೇ ಒಮ್ಮೆ ಸವರಿದರೆ ಮೇಲಿನ ಬಣ್ಣವು ಕೆಳಗೆ ನುಸುಳುವುದಿಲ್ಲ.

ಕಪ್ಪು-ಬಿಳುಪಿನ ಚೌಕಗಳ ಮಾದರಿಯು ಹಳೆಯ ರಾಕೆಟ್ಟುಗಳ ಚಿತ್ರಗಳಲ್ಲಿ ಕಾಣುವುದಷ್ಟೆ? 1942ರ ಅಕ್ಟೋಬರ್ 3ರಂದು ಯಶಸ್ವಿಯಾಗಿ ಹಾರಿದ ಜರ್ಮನಿಯ ಎ-4 ರಾಕೆಟ್ಟಿನ ಮೇಲೂ ಇಂಥ ಗುರುತುಗಳಿದ್ದವು. ರಾಕೆಟ್ಟು ತನ್ನ ಅಕ್ಷದ ಸುತ್ತ ತಿರುಗುತ್ತಿದೆಯೇ ಎಂಬುದನ್ನು ದೂರದ ಛಾಯಾಗ್ರಾಹಕ ಯಂತ್ರಗಳು ಹಿಡಿಯಲೆಂದೇ ಆ ಏರ್ಪಾಡು. ನಾವೂ ಕೊಳವೆಯ ಕೆಳಭಾಗವನ್ನು ನಾಲ್ಕು ಪಾಲು ಮಾಡಿ ಎದುರುಬದುರಾಗಿ ಕಪ್ಪು-ಬಿಳುಪು ಹಚ್ಚಿದೆವು. ಹಗ್ಗದ ಪರೀಕ್ಷೆಯಲ್ಲಿ ಅದು ಉಪಯೋಗಕ್ಕೆ ಬಂದಿತು. ಒಂದು ರೆಕ್ಕೆಯು ತುಸು ಓರೆಯಾಗಿ ಕೂತಿದ್ದುದು ಆ ಚೌಕಗಳು ಹೊರಳಿ ತೋರಿದುದರಿಂದಲೇ ನಮಗೆ ತಿಳಿಯಿತು.

ಹಾರದ ರಾಕೆಟ್ಟು

ಪ್ರದರ್ಶನದ ದಿನ ಹೈಸ್ಕೂಲಿನ ಹುಡುಗನೊಬ್ಬನು ಬಹಳ ಹೊತ್ತು ರಾಕೆಟ್ಟನ್ನು ನೋಡುತ್ತ ನಿಂತು, “ಹಾರದ ರಾಕೆಟ್ ಯಾತಕ್ಕರೀ ಸರ?” ಎಂದು ಕೇಳಿದನು. ಬಾಲದಲ್ಲಿಯ ಪೊಳ್ಳು ಕೊಳವೆಯನ್ನು ತೋರಿಸಿ, ಅದರಲ್ಲಿ ಪಟಾಕಿಯ ಮದ್ದನ್ನು ತುಂಬಿದರೆ ಹಾರದೇ ಎಂದೂ ಕೇಳಿದನು. ಆ ಪ್ರಶ್ನೆಯನ್ನು ನಾವು ನಗುವಿನಲ್ಲಿ ತೇಲಿಸಲಿಲ್ಲ. ಏಕೆಂದರೆ ಅಂಥದೇ ಪ್ರಶ್ನೆಗೆ ಹಿತ್ತಲಲ್ಲಿ ಉತ್ತರ ಹುಡುಕಹೋಗಿ ಬೆರಳು, ಕಣ್ಣುಗಳನ್ನು ಕಳೆದುಕೊಂಡವರಿದ್ದಾರೆ.

ಅವನಿಗೆ ನಾವು ಹೇಳಿದುದನ್ನೇ ಇಲ್ಲಿಯೂ ಹೇಳುತ್ತೇವೆ. ವ್ಯಾಸವು ಮೂರು ಪಟ್ಟಾದ ಕೊಳವೆಯ ಉದ್ದವೂ ಅಷ್ಟೇ ಹೆಚ್ಚಿದರೆ ಅದರಲ್ಲಿ ಹಿಡಿಯುವ ಮದ್ದು ಇಪ್ಪತ್ತೇಳು ಪಟ್ಟು. ಅದು ಒಡೆದಾಗ ಹೊರಬೀಳುವ ಶಕ್ತಿಯೂ ಇಪ್ಪತ್ತೇಳು ಪಟ್ಟು. ಇನ್ನು ಗೋಡೆಯ ದಪ್ಪವನ್ನು ಮೊದಲಿನಷ್ಟೇ ಇಟ್ಟರೆ, ಒಳಗಿನ ಒತ್ತಡವು ಅಷ್ಟೇ ಇದ್ದರೂ ಗೋಡೆಯ ಮೇಲಿನ ಬಿಗಿತವು ಮೂರು ಪಟ್ಟಾಗುವುದು. ಅಪಾಯವು ಉದ್ದದಂತೆ ಬೆಳೆಯುವುದಿಲ್ಲ, ಘನಫಲದಂತೆ ಬೆಳೆಯುತ್ತದೆ. ಮೇಲಾಗಿ, ಪರವಾನಗಿಯಿಲ್ಲದೆ ಸ್ಫೋಟಕಗಳನ್ನು ತಯಾರಿಸುವುದು ನಮ್ಮ ದೇಶದಲ್ಲಿ 1884ರ ಸ್ಫೋಟಕ ಕಾಯಿದೆಯಂತೆ ಅಪರಾಧ. ರೋಹಿಣಿ-75ರಿಂದ ಮೊದಲಾಗಿ 125, 200, 300, 560 ಮಿಲಿಮೀಟರುಗಳ ರೋಹಿಣಿಗಳವರೆಗೆ ನಮ್ಮ ವಿಜ್ಞಾನಿಗಳು ಏರಿದುದು ಕೂಡ ಅಳತೆಯನ್ನು ಗುಣಿಸುವುದರಿಂದಲ್ಲ. ರೋಹಿಣಿ-200 ಸುಮಾರು 10 ಕಿಲೋಗ್ರಾಂ ಉಪಕರಣಗಳನ್ನು 80 ಕಿಲೋಮೀಟರು ಎತ್ತರಕ್ಕೆ ಒಯ್ಯಬಲ್ಲದು. ರೋಹಿಣಿ-560 ಸುಮಾರು 100 ಕಿಲೋಗ್ರಾಂಗಳನ್ನು 470 ಕಿಲೋಮೀಟರಿಗೆ. ಒಂದೊಂದು ಮೆಟ್ಟಿಲಿನಲ್ಲಿಯೂ ಕವಚ, ಇಂಧನ, ರೆಕ್ಕೆ ಎಲ್ಲವನ್ನೂ ಹೊಸದಾಗಿ ಲೆಕ್ಕ ಹಾಕಿ, ನೆಲದ ಮೇಲೆ ಪರೀಕ್ಷಿಸಿ ಮುಂದುವರಿಯಬೇಕಾಗುತ್ತದೆ.

ನಮ್ಮ ರಾಕೆಟ್ಟು ಹಾರಲಿಲ್ಲ ನಿಜ. ಆದರೆ ಅದು ಹಾರಬೇಕಾದರೆ ಏನೇನು ಸರಿಯಾಗಿರಬೇಕೆಂಬುದನ್ನು ಅದರ ಪ್ರತಿಯೊಂದು ಗ್ರಾಮೂ ನಮಗೆ ತಿಳಿಸಿತು. ಆ ಹುಡುಗನು ಮರುವಾರ ಒಂದು ಕಾಗದದ ಕೊಳವೆಯನ್ನೂ ಅಡಿಗೆಮನೆಯ ಚಿಕ್ಕ ತಕ್ಕಡಿಯನ್ನೂ ಹಿಡಿದುಕೊಂಡು ಮಾಳಿಗೆಗೆ ಬಂದನು.

ವಾಚಕರಿಗೆ ಒಂದು ಅಭ್ಯಾಸವನ್ನು ಬಿಟ್ಟು ಮುಗಿಸುತ್ತೇವೆ. ಆಲ್ಫಾವನ್ನು ಮೂರು ಪಟ್ಟಲ್ಲ, ಎರಡು ಪಟ್ಟು ಮಾತ್ರ ಹಿರಿದು ಮಾಡಿರಿ. ಅದರ ತೂಕವು ಯಾವ ಎರಡು ಸಂಖ್ಯೆಗಳ ನಡುವೆ ಇರಬೇಕು? ಒತ್ತಡಕೇಂದ್ರವು ಎಲ್ಲಿರುವುದು? ಗುರುತ್ವಕೇಂದ್ರವು ಎಷ್ಟರೊಳಗಿರಬೇಕು? ಮೊದಲು ಕಾಗದದ ಮೇಲೆ ಉತ್ತರವನ್ನು ಬರೆದಿಟ್ಟು, ಆಮೇಲೆ ಕತ್ತರಿಯನ್ನು ಕೈಗೆ ತೆಗೆದುಕೊಳ್ಳಿರಿ. ಕಟ್ಟಿ ಮುಗಿಸಿದ ಮೇಲೆ ತೂಗಿ ನೋಡಿ, ಎರಡು ಉತ್ತರಗಳಿಗೂ ಎಷ್ಟು ಅಂತರ ಬಂದಿತೆಂಬುದನ್ನೂ ಅದರ ಕಾರಣವನ್ನೂ ಬರೆದಿಡಿರಿ.